ಮಧ್ಯದಲ್ಲಿ ಉಳಿದ ತಂಡ: ಕೆಡವಿ ಕಟ್ಟಬೇಕೇ, ಪ್ಲೇಆಫ್ ಬೆನ್ನತ್ತಬೇಕೇ?

1987–88ರ ಋತುವಿನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡ 80 ಪಂದ್ಯಗಳನ್ನಾಡಿ 21ರಲ್ಲಿ ಗೆದ್ದು 49ರಲ್ಲಿ ಸೋತಿತು. ಕೈಗೆ ಬಂದದ್ದು 52 ಅಂಕ. 21 ತಂಡಗಳಿದ್ದ, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಅದಕ್ಕಿಂತ ಕೆಳಗಿದ್ದದ್ದು 51 ಅಂಕದ ಮಿನೆಸೋಟ ನಾರ್ತ್ ಸ್ಟಾರ್ಸ್ ಒಂದೇ. ಆದರೂ ಲೀಫ್ಸ್ ಪ್ಲೇಆಫ್, ಅಂದರೆ ಸ್ಟ್ಯಾನ್ಲಿ ಕಪ್‌ಗಾಗಿ ಋತುವಿನ ಕೊನೆಗೆ ನಡೆಯುವ ಸುತ್ತುಗಳನ್ನು, ಆಡಿತು. ಆಗ 21ರಲ್ಲಿ 16 ತಂಡಗಳಿಗೆ ಪ್ರವೇಶವಿತ್ತು. ವಿಭಾಗದ ಐದು ತಂಡಗಳಲ್ಲಿ ಕೊನೆಯದಾಗದಿದ್ದರೆ ಸಾಕು, ಏಪ್ರಿಲ್ ತಿಂಗಳಲ್ಲೂ ಆಟ ಇರುತ್ತಿತ್ತು.

ಅಂಥ ಲೀಗ್‌ನಲ್ಲಿ ಮಧ್ಯದ ತಂಡವೊಂದು ತನ್ನ ಭವಿಷ್ಯದ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ. ಈಗ ತಂಡಗಳು 32, ಪ್ಲೇಆಫ್ ಸ್ಥಾನಗಳು ಮಾತ್ರ ಅದೇ 16, ಪೂರ್ವ ಮತ್ತು ಪಶ್ಚಿಮ ಬಣಗಳಿಗೆ ತಲಾ ಎಂಟು. ಹದಿನೇಳನೆಯ ಸ್ಥಾನದಲ್ಲಿ ನಿಂತವರಿಗೆ ಅತ್ತ ಕಪ್ ಇಲ್ಲ, ಇತ್ತ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಳ್ಳೆಯ ಆಯ್ಕೆಯೂ ಇಲ್ಲ. ಕೆಳಗಿನ ತಂಡಗಳಿಗೆ ಮೊದಲ ಅವಕಾಶ ಕೊಡುವ ಡ್ರಾಫ್ಟ್‌ನಲ್ಲಿ ಹದಿನೆಂಟರ ಹರೆಯದ ಪ್ರತಿಭೆಗಳು ಮೊದಲ ಮೂರು ನಾಲ್ಕು ಹೆಸರುಗಳಲ್ಲೇ ಮುಗಿದುಹೋಗುವುದು ಹೆಚ್ಚು. ಹಾಗಾಗಿ ಪ್ರತಿ ವರ್ಷ ಫೆಬ್ರುವರಿಯಲ್ಲಿ, ಆಟಗಾರರ ವಿನಿಮಯದ ಗಡುವು ಹತ್ತಿರವಾದಂತೆ, ಎಂಟು ಹತ್ತು ನಗರಗಳಲ್ಲಿ ಒಂದೇ ಜಗಳ ಏಳುತ್ತದೆ: ಹಿರಿಯರನ್ನೆಲ್ಲ ಮಾರಿ ಮೊದಲಿನಿಂದ ಕಟ್ಟೋಣ ಎನ್ನುವವರು ಒಂದು ಕಡೆ, ಹೇಗಾದರೂ ಒಳನುಗ್ಗೋಣ, ಆಮೇಲೆ ಏನು ಬೇಕಾದರೂ ಆಗಬಹುದು ಎನ್ನುವವರು ಇನ್ನೊಂದು ಕಡೆ. ಈ ಜಗಳ ಆಟದ ಜೊತೆ ಹುಟ್ಟಿದ್ದಲ್ಲ. ಲೀಗ್ ಒಂದೊಂದಾಗಿ ತಂದ ನಿಯಮಗಳು ಇದನ್ನು ಹುಟ್ಟುಹಾಕಿದವು.

ಡ್ರಾಫ್ಟ್ ಶುರುವಾದದ್ದು 1963ರಲ್ಲಿ, ಮಾಂಟ್ರಿಯಲ್‌ನಲ್ಲಿ. ಬೇರೆಯವರ ಸೋಲಿಗೂ ಬೆಲೆಯಿದೆ ಎಂಬುದನ್ನು ಮೊದಲು ಚೆನ್ನಾಗಿ ಅರಿತವರು ಮಾಂಟ್ರಿಯಲ್ ಕೆನೇಡಿಯನ್ಸ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಪೊಲಾಕ್. 1970ರಲ್ಲಿ ಅವರು ದುರ್ಬಲವಾಗಿದ್ದ ಕ್ಯಾಲಿಫೋರ್ನಿಯ ಗೋಲ್ಡನ್ ಸೀಲ್ಸ್‌ನಿಂದ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನು ಪಡೆದುಕೊಂಡರು. ಸೀಲ್ಸ್ ಕೊನೆಯ ಸ್ಥಾನಕ್ಕೆ ಬಿತ್ತು, 1971ರ ಮೊದಲ ಆಯ್ಕೆ ಮಾಂಟ್ರಿಯಲ್ ಪಾಲಾಯಿತು, ಮುಂದೆ ದೊಡ್ಡ ತಾರೆಯಾದ ಗಿ ಲಫ್ಲೂರ್ ಬಂದರು. ಸೀಲ್ಸ್ ತಳದಲ್ಲೇ ಉಳಿಯಲೆಂದು ಪೊಲಾಕ್ ಋತುವಿನ ನಡುವೆ ರಾಲ್ಫ್ ಬ್ಯಾಕ್‌ಸ್ಟ್ರಮ್ ಅವರನ್ನು ಲಾಸ್ ಏಂಜಲೀಸ್‌ಗೆ ಕೊಟ್ಟು ಆ ತಂಡವನ್ನು ಮೇಲೆತ್ತಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ತನ್ನ ಸೋಲನ್ನೇ ಬಂಡವಾಳ ಮಾಡಿಕೊಳ್ಳುವ ಕಥೆ 1984ರದು. ಕ್ವಿಬೆಕ್‌ನ ಜೂನಿಯರ್ ಲೀಗ್‌ನಲ್ಲಿ ಮಾರಿಯೊ ಲೆಮ್ಯೂ ಎಂಬ ಹುಡುಗ ಎಲ್ಲರ ಕಣ್ಣು ಕುಕ್ಕುತ್ತಿದ್ದ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮತ್ತು ನ್ಯೂಜೆರ್ಸಿ ಡೆವಿಲ್ಸ್ ತಳಕ್ಕೆ ಅಂಟಿಕೊಂಡಿದ್ದವು. ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ತನ್ನ ಅತ್ಯುತ್ತಮ ರಕ್ಷಣಾ ಆಟಗಾರ ರ‍್ಯಾಂಡಿ ಕಾರ್ಲೈಲ್ ಅವರನ್ನು ವಿನಿಪೆಗ್‌ಗೆ ಕಳುಹಿಸಿತು. ಚೆನ್ನಾಗಿ ಆಡುತ್ತಿದ್ದ ಗೋಲ್‌ಕೀಪರ್ ರಾಬರ್ಟೊ ರೊಮಾನೊ ಅವರನ್ನು ಕೆಳಗಿನ ಲೀಗ್‌ಗೆ ಇಳಿಸಿ ವಿನ್ಸೆಂಟ್ ಟ್ರೆಂಬ್ಲೆ ಅವರನ್ನು ನಿಲ್ಲಿಸಿತು. ಟ್ರೆಂಬ್ಲೆ ನಾಲ್ಕು ಪಂದ್ಯಗಳಲ್ಲಿ 24 ಗೋಲು ಬಿಟ್ಟುಕೊಟ್ಟರು. ಕೊನೆಗೆ ಪಿಟ್ಸ್‌ಬರ್ಗ್‌ಗೆ 38 ಅಂಕ, ನ್ಯೂಜೆರ್ಸಿಗೆ 41. ಲೆಮ್ಯೂ ಪಿಟ್ಸ್‌ಬರ್ಗ್‌ಗೆ ಬಂದರು, 1991 ಮತ್ತು 1992ರಲ್ಲಿ ಸ್ಟ್ಯಾನ್ಲಿ ಕಪ್ ಬಂತು. ಮೈದಾನದಲ್ಲಿದ್ದ ಆಟಗಾರರು ಸೋಲಲೆಂದು ಆಡಿದರು ಎಂದು ನಾನು ನಂಬುವುದಿಲ್ಲ. ಮುಂದಿನ ವರ್ಷ ತನ್ನ ಜಾಗ ಕಸಿಯಲಿರುವ ಹುಡುಗನಿಗಾಗಿ ಯಾವ ಆಟಗಾರನೂ ಬೇಕೆಂದೇ ಸೋಲುವುದಿಲ್ಲ. ಸೋಲನ್ನು ಏರ್ಪಡಿಸುವುದು ಕಚೇರಿಯಲ್ಲಿ ಕುಳಿತವರು. ಐಸ್ ಮೇಲೆ ಅದನ್ನು ಅನುಭವಿಸುವವರು ಬೇರೆ.

ಮುಂದೆ ಕ್ವಿಬೆಕ್ ನಾರ್ಡಿಕ್ಸ್ 1989ರಿಂದ ಸತತ ಮೂರು ವರ್ಷ ಮೊದಲ ಆಯ್ಕೆ ಪಡೆಯಿತು. ಮೂರನೆಯ ಹುಡುಗ ಎರಿಕ್ ಲಿಂಡ್ರೋಸ್ ಅಲ್ಲಿ ಆಡಲು ಒಪ್ಪಲೇ ಇಲ್ಲ. ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟು ಪಡೆದವರಲ್ಲಿ ಪೀಟರ್ ಫೋರ್ಸ್‌ಬರ್ಗ್ ಇದ್ದರು. ಆ ಎಲ್ಲ ಶ್ರಮದ ಫಲವಾಗಿ 1996ರಲ್ಲಿ ಕಪ್ ಬಂತು, ಆದರೆ ತಂಡ ಅಷ್ಟರಲ್ಲಿ ಡೆನ್ವರ್‌ಗೆ ಸ್ಥಳಾಂತರವಾಗಿತ್ತು. ಸೋಲುಗಳನ್ನು ನೋಡಿದವರು ಕ್ವಿಬೆಕ್ ನಗರದವರು, ಮೆರವಣಿಗೆ ನಡೆದದ್ದು ಕೊಲೊರಾಡೊದಲ್ಲಿ.

ಲೀಗ್ ಎಚ್ಚೆತ್ತದ್ದು ಆಟವಾ ಸೆನೆಟರ್ಸ್ ಪ್ರಕರಣದಿಂದ. 1992–93ರಲ್ಲಿ ಕೇವಲ ಹತ್ತು ಪಂದ್ಯ ಗೆದ್ದಿದ್ದ ಆ ಹೊಸ ತಂಡ ಮೊದಲ ಆಯ್ಕೆ ಪಡೆದು ಅಲೆಕ್ಸಾಂಡರ್ ಡೇಗ್ಲ್ ಅವರನ್ನು ಆರಿಸಿತು. ತಂಡದ ಮಾಲೀಕತ್ವದಲ್ಲಿದ್ದವರು ಬೇಕೆಂದೇ ಸೋತ ಅರ್ಥ ಬರುವ ಮಾತಾಡಿದರೆಂದು ಗದ್ದಲವೆದ್ದಿತು, ಲೀಗ್ ತಂಡಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿತು. ಡೇಗ್ಲ್ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಅವರ ನಂತರ ಎರಡನೆಯವರಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಹಾಲ್ ಆಫ್ ಫೇಮ್ ಸೇರಿದರು. 1995ರಿಂದ ಡ್ರಾಫ್ಟ್ ಕ್ರಮ ನಿರ್ಧರಿಸಲು ಲಾಟರಿ ಬಂತು.

ಇನ್ನೆರಡು ಬದಲಾವಣೆಗಳು ಮಧ್ಯದ ತಂಡಗಳ ಮೇಲೆ ನೇರವಾಗಿ ಬಿದ್ದವು. 1999–2000ರಿಂದ ಹೆಚ್ಚುವರಿ ಸಮಯದಲ್ಲಿ ಸೋತವರಿಗೂ ಒಂದು ಅಂಕ ಸಿಗತೊಡಗಿತು. ಕೆಲವು ಪಂದ್ಯಗಳಿಂದ ಎರಡು ಅಂಕ, ಕೆಲವುಗಳಿಂದ ಮೂರು ಹಂಚಿಕೆಯಾದಾಗ ಪಟ್ಟಿಯ ನಡುಭಾಗ ಉಬ್ಬಿತು. ಬಣದ ಹತ್ತನೆಯ ತಂಡಕ್ಕೂ ಎಂಟನೆಯದಕ್ಕೂ ಎರಡು ಮೂರು ಅಂಕಗಳ ಅಂತರವಷ್ಟೇ ಕಾಣಿಸುತ್ತದೆ, ಆಸೆ ಮಾರ್ಚ್‌ವರೆಗೂ ಬದುಕಿರುತ್ತದೆ. ಆದರೆ ಮುಂದಿರುವವರೂ ಸೋಲುತ್ತಲೇ ಅಂಕ ಗಳಿಸುವುದರಿಂದ ಆ ಅಂತರ ತುಂಬುವುದು ಕಾಣುವಷ್ಟು ಸುಲಭವಲ್ಲ. ಪಟ್ಟಿ ತೋರಿಸುವ ಈ ಹುಸಿ ಸಾಮೀಪ್ಯ ಎಷ್ಟೋ ಮ್ಯಾನೇಜರ್‌ಗಳಿಂದ ಮೊದಲ ಸುತ್ತಿನ ಆಯ್ಕೆಗಳನ್ನು ಕಿತ್ತುಕೊಂಡಿದೆ ಎಂದೇ ನನ್ನ ಅಭಿಪ್ರಾಯ.

ಎರಡನೆಯದು ವೇತನ ಮಿತಿ. 2004–05ರ ಇಡೀ ಋತು ಮಾಲೀಕರ ಬೀಗಮುದ್ರೆಗೆ ಬಲಿಯಾದ ಮೇಲೆ ಪ್ರತಿ ತಂಡದ ವೇತನಕ್ಕೆ 3.9 ಕೋಟಿ ಡಾಲರ್ ಮಿತಿ ಬಂತು. ಅದಕ್ಕೆ ಮುಂಚೆ ಹಣವಂತ ತಂಡಗಳು ತಾರೆಯರನ್ನು ಕೊಂಡು ತರಬಹುದಿತ್ತು. ಹಣವೊಂದೇ ಸಾಲದು ಎಂಬುದಕ್ಕೆ 1998ರಿಂದ 2004ರವರೆಗೆ ಸತತ ಏಳು ಸಲ ಪ್ಲೇಆಫ್ ತಪ್ಪಿಸಿಕೊಂಡ ನ್ಯೂಯಾರ್ಕ್ ರೇಂಜರ್ಸ್ ಸಾಕ್ಷಿಯಾಗಿತ್ತು. ಮಿತಿ ಬಂದ ಮೇಲೆ ಕಡಿಮೆ ವೇತನದ ಮೊದಲ ಒಪ್ಪಂದದಲ್ಲಿರುವ ಯುವ ತಾರೆಯೇ ಎಲ್ಲಕ್ಕಿಂತ ದೊಡ್ಡ ಆಸ್ತಿಯಾದ. ಅಂಥವನು ಸಿಗುವುದು ಡ್ರಾಫ್ಟ್‌ನ ಮೇಲ್ತುದಿಯಲ್ಲಿ.

ಇದನ್ನು ಪಿಟ್ಸ್‌ಬರ್ಗ್ ಮತ್ತೊಮ್ಮೆ ತೋರಿಸಿತು. 2003ರಿಂದ 2006ರವರೆಗೆ ಫ್ಲೂರಿ, ಮಾಲ್ಕಿನ್, ಕ್ರಾಸ್ಬಿ, ಜೋರ್ಡನ್ ಸ್ಟಾಲ್: ನಾಲ್ಕು ವರ್ಷ, ನಾಲ್ವರೂ ಮೊದಲ ಎರಡು ಆಯ್ಕೆಗಳಲ್ಲಿ. 2009ರಲ್ಲಿ ಕಪ್. ಶಿಕಾಗೊ 2006ರಲ್ಲಿ ಟೇವ್ಸ್, 2007ರಲ್ಲಿ ಕೇನ್ ಅವರನ್ನು ಪಡೆದು 2010, 2013, 2015ರಲ್ಲಿ ಗೆದ್ದಿತು. ಅಲ್ಲಿಂದ ಮುಂದೆ ಕೆಡವಿ ಕಟ್ಟುವುದು ಕೊನೆಯ ಉಪಾಯವಾಗಿ ಉಳಿಯದೆ ಯೋಜನೆಯಾಯಿತು. ತಂಡವನ್ನು ತಳಕ್ಕೆ ಇಳಿಸಿ, ಮೂರು ವರ್ಷ ಸಹಿಸಿ, ಕಪ್ ಎತ್ತಿ ಎಂಬ ಸೂತ್ರ ಎಲ್ಲರ ಬಾಯಲ್ಲಿ ಬಂತು. ಕ್ರಾಸ್ಬಿ ಬಂದ 2005ರ ಲಾಟರಿಯಲ್ಲಿ ಮೂವತ್ತೂ ತಂಡಗಳ ಚೀಟಿ ಇತ್ತು ಎಂಬುದನ್ನು, ಶಿಕಾಗೊ ಐದನೆಯ ಸ್ಥಾನದಿಂದ ಮೊದಲಿಗೆ ನೆಗೆದು ಕೇನ್ ಅವರನ್ನು ಪಡೆಯಿತು ಎಂಬುದನ್ನು ಮಾತ್ರ ಹೆಚ್ಚಿನವರು ಮರೆತರು.

ಬಫಲೊ ಸೇಬರ್ಸ್ ಆ ಸೂತ್ರವನ್ನು ಅಕ್ಷರಶಃ ಪಾಲಿಸಿತು. 2014–15ರಲ್ಲಿ ಕಾನರ್ ಮೆಕ್‌ಡೇವಿಡ್‌ಗಾಗಿ ಓಟ ನಡೆದಿತ್ತು. ಮಾರ್ಚ್ 26ರಂದು ಬಫಲೊಗೆ ಅರಿಜೋನ ಬಂದಿತ್ತು, ತಳದ ಎರಡು ತಂಡಗಳ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಅರಿಜೋನದ ಸ್ಯಾಮ್ ಗ್ಯಾಗ್ನರ್ ಗೋಲು ಹೊಡೆದಾಗ ಬಫಲೊದ ತವರು ಪ್ರೇಕ್ಷಕರಲ್ಲಿ ಎಷ್ಟೋ ಮಂದಿ ಎದ್ದು ಕೂಗಿ ಸಂಭ್ರಮಿಸಿದರು. ನೀಲಿ ಅಂಗಿ ತೊಟ್ಟು ಬಂದವರೇ ಎದುರಾಳಿಗೆ ಚಪ್ಪಾಳೆ ತಟ್ಟಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸೋಲಿನಲ್ಲಿ ಲಾಭವಿದೆ ಎಂದು ಅವರಿಗೆ ಕಲಿಸಿದ್ದು ಲೀಗ್‌ನ ಲೆಕ್ಕಾಚಾರ. ಬಫಲೊ 54 ಅಂಕಗಳೊಂದಿಗೆ ಕೊನೆಯದಾಯಿತು. ಲಾಟರಿ ಗೆದ್ದದ್ದು ಎಡ್ಮಂಟನ್, 11.5 ಶೇಕಡಾ ಸಾಧ್ಯತೆಯಿಂದ.

ಬಫಲೊಗೆ ಸಿಕ್ಕ ಜ್ಯಾಕ್ ಐಕಲ್ ಕೂಡ ಸಾಮಾನ್ಯರಲ್ಲ. ಆದರೆ ಸುತ್ತ ಅನುಭವಿಗಳೇ ಇಲ್ಲದ, ಸೋಲೇ ರೂಢಿಯಾದ ತಂಡದಲ್ಲಿ ಅವರು ಒಂದೂ ಪ್ಲೇಆಫ್ ಪಂದ್ಯ ಆಡಲಿಲ್ಲ. ಆಮೇಲಿನದು ಈ ಇಡೀ ವಾದದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ. 2018ರಲ್ಲಿ ಬಫಲೊ ಬಿಟ್ಟ ರಯನ್ ಓರೈಲಿ ಮರುವರ್ಷವೇ ಸೇಂಟ್ ಲೂಯಿಸ್‌ಗೆ ಕಪ್ ಗೆದ್ದುಕೊಟ್ಟು ಪ್ಲೇಆಫ್‌ನ ಅತ್ಯುತ್ತಮ ಆಟಗಾರರಾದರು. 2021ರಲ್ಲಿ ಹೋದ ಐಕಲ್ 2023ರಲ್ಲಿ ವೇಗಸ್ ಪರ ಕಪ್ ಎತ್ತಿದರು. 2014ರ ಎರಡನೆಯ ಆಯ್ಕೆ ಸ್ಯಾಮ್ ರೈನ್‌ಹಾರ್ಟ್ ಫ್ಲೋರಿಡಾಗೆ ಹೋಗಿ, 2024ರ ಫೈನಲ್‌ನ ಏಳನೆಯ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದು, 2025ರಲ್ಲೂ ಗೆದ್ದರು. ಬಫಲೊ ಮಾತ್ರ 2011ರ ನಂತರ 2025ರವರೆಗೆ ಸತತ 14 ಋತುಗಳಲ್ಲಿ ಪ್ಲೇಆಫ್ ಕಾಣಲಿಲ್ಲ. ಲೀಗ್‌ನಲ್ಲಿ ಯಾವ ತಂಡವೂ ಅಷ್ಟು ಕಾಲ ಹೊರಗುಳಿದಿರಲಿಲ್ಲ. ಆ ತಂಡ ಪ್ರತಿಭೆಯನ್ನು ಆರಿಸುವುದರಲ್ಲಿ ಸೋಲಲಿಲ್ಲ, ಉಳಿಸಿ ಬೆಳೆಸುವುದರಲ್ಲಿ ಸೋತಿತು. ಎಡ್ಮಂಟನ್ ಕೂಡ 2010ರಿಂದ ಸತತ ಮೂರು ಮೊದಲ ಆಯ್ಕೆ ಪಡೆದೂ ಹತ್ತು ಋತು ಹೊರಗುಳಿದಿತ್ತು. ಮೆಕ್‌ಡೇವಿಡ್ ಬಂದ ಮೇಲೂ ಫೈನಲ್ ತಲುಪಿದ್ದು 2024ರಲ್ಲಿ.

ಲೀಗ್ ಲಾಟರಿಯನ್ನು ಮತ್ತೆ ಮತ್ತೆ ತಿದ್ದಿತು. 2016ರಿಂದ ಮೊದಲ ಮೂರೂ ಆಯ್ಕೆಗಳಿಗೆ ಚೀಟಿ ಎತ್ತತೊಡಗಿದಾಗ ಕೊನೆಯ ತಂಡ ನಾಲ್ಕನೆಯ ಸ್ಥಾನಕ್ಕೂ ಜಾರಬಹುದಿತ್ತು. 2017ರಲ್ಲಿ 48 ಅಂಕದ ಕೊಲೊರಾಡೊ ಹಾಗೇ ಜಾರಿತು. ನಾಲ್ಕನೆಯವರಾಗಿ ಸಿಕ್ಕ ಕೇಲ್ ಮಕಾರ್ 2022ರಲ್ಲಿ ಕಪ್ ತಂದುಕೊಟ್ಟರು. 2020ರಲ್ಲಿ ಡೆಟ್ರಾಯಿಟ್ 71 ಪಂದ್ಯಗಳಲ್ಲಿ 39 ಅಂಕ ಗಳಿಸಿ ಹೀನಾಯವಾಗಿ ಸೋತು ನಾಲ್ಕಕ್ಕೆ ಜಾರಿದಾಗ ಮೊದಲ ಆಯ್ಕೆ ಹೋದದ್ದು, ಅರ್ಹತಾ ಸುತ್ತು ಆಡಿ ಸೋತಿದ್ದ ರೇಂಜರ್ಸ್‌ಗೆ. ಈಗ ಎರಡೇ ಚೀಟಿ ಎತ್ತುತ್ತಾರೆ. ಕೊನೆಯ ತಂಡ ಮೂರಕ್ಕಿಂತ ಕೆಳಗೆ ಹೋಗುವುದಿಲ್ಲ, ಆದರೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಐದು ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಲಾಟರಿ ಗೆಲ್ಲುವಂತೆಯೂ ಇಲ್ಲ. ಪಿಟ್ಸ್‌ಬರ್ಗ್ ಮತ್ತು ಕ್ವಿಬೆಕ್ ನಡೆದ ದಾರಿಗೆ ಈಗ ಬೇಲಿ ಬಿದ್ದಿದೆ.

ಹಾಗಾದರೆ ಬೆನ್ನತ್ತುವುದೇ ಸರಿಯೇ? ಆ ಪಕ್ಷದವರ ಬಳಿ ಮೂರು ಒಳ್ಳೆಯ ಕಥೆಗಳಿವೆ. 2012ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಪಶ್ಚಿಮದ ಎಂಟನೆಯ ಸ್ಥಾನದಿಂದ ಕಪ್ ಗೆದ್ದಿತು. ಸೇಂಟ್ ಲೂಯಿಸ್ 2019ರ ಜನವರಿ ಆರಂಭದಲ್ಲಿ ಇಡೀ ಲೀಗ್‌ಗೆ ಕೊನೆಯದಾಗಿದ್ದು ಜೂನ್‌ನಲ್ಲಿ ಚಾಂಪಿಯನ್ ಆಯಿತು. 2023ರಲ್ಲಿ ಫ್ಲೋರಿಡಾ 92 ಅಂಕಗಳಿಂದ ಪೂರ್ವದ ಕೊನೆಯ ಪ್ಲೇಆಫ್ ಸ್ಥಾನ ಪಡೆದು, 65 ಪಂದ್ಯ ಗೆದ್ದಿದ್ದ ಬಾಸ್ಟನ್‌ನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳುಹಿಸಿ ಫೈನಲ್‌ಗೆ ಹೋಯಿತು. ಆ ವರ್ಷ ಪಿಟ್ಸ್‌ಬರ್ಗ್ ಮತ್ತು ಬಫಲೊ 91 ಅಂಕದಲ್ಲಿ ನಿಂತಿದ್ದವು, ಒಂದೇ ಅಂಕದ ಅಂತರ. ಆದರೆ ಈ ತಂಡಗಳ ಬೆನ್ನೆಲುಬು ನೋಡಿ: ಕಿಂಗ್ಸ್‌ನಲ್ಲಿ ಎರಡನೆಯ ಆಯ್ಕೆಯ ಡೌಟಿ, ಫ್ಲೋರಿಡಾದಲ್ಲಿ ಎರಡನೆಯ ಆಯ್ಕೆಯ ಬಾರ್ಕೊವ್ ಮತ್ತು ಮೊದಲ ಆಯ್ಕೆಯ ಎಕ್‌ಬ್ಲಾಡ್. ಅಂಕಪಟ್ಟಿಯಲ್ಲಿ ಅವು ಮಧ್ಯದಲ್ಲಿದ್ದವು, ಸಾಮರ್ಥ್ಯದಲ್ಲಿ ಇರಲಿಲ್ಲ.

ಮಾಲೀಕರ ಲೆಕ್ಕವೂ ಇದೆ. ಆಟಗಾರರ ವೇತನ ನಿಯಮಿತ ಋತುವಿನಲ್ಲೇ ಪಾವತಿಯಾಗಿ ಮುಗಿದಿರುತ್ತದೆ, ಹಾಗಾಗಿ ತವರಿನ ಪ್ರತಿ ಪ್ಲೇಆಫ್ ಪಂದ್ಯದ ಟಿಕೆಟ್ ಹಣ ಹೆಚ್ಚುಕಡಿಮೆ ಲಾಭವೇ. ಎರಡು ಪಂದ್ಯಗಳಿಗಾಗಿ ಮುಂದಿನ ಐದು ವರ್ಷಗಳನ್ನು ಒತ್ತೆ ಇಡುವ ಒತ್ತಡ ಅಲ್ಲಿಂದ ಬರುತ್ತದೆ.

ಮಧ್ಯದಲ್ಲಿ ಪ್ರತಿಭೆ ಸಿಗುವುದೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. 2015ರ ಡ್ರಾಫ್ಟ್‌ನಲ್ಲಿ ಬಾಸ್ಟನ್ 13, 14, 15ನೆಯ ಆಯ್ಕೆಗಳನ್ನು ಸಾಲಾಗಿ ಮಾಡಿತು: ಜ್ಬೊರಿಲ್, ಡಿಬ್ರಸ್ಕ್, ಸೆನಿಶಿನ್. ಅವರ ಬೆನ್ನಿಗೇ 16, 17, 18ರಲ್ಲಿ ಬೇರೆ ತಂಡಗಳು ಬಾರ್ಜಲ್, ಕೈಲ್ ಕಾನರ್, ಶಬೊ ಅವರನ್ನು ಆರಿಸಿದವು. ಮೂವರೂ ತಮ್ಮ ತಂಡಗಳ ಆಧಾರಸ್ತಂಭಗಳಾದರು. ಮಧ್ಯದ ತಂಡ ತನ್ನ ಆಯ್ಕೆಗಳನ್ನು ಉಳಿಸಿಕೊಂಡು ಚೆನ್ನಾಗಿ ಹುಡುಕಿದರೆ ಸಿಗುತ್ತದೆ. ಆಯ್ಕೆಯನ್ನೇ ಮಾರಿದವನಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಆದ್ದರಿಂದ ತಂಡವನ್ನು ಬುಡಸಮೇತ ಕೀಳುವುದನ್ನು ನಾನು ಒಪ್ಪುವುದಿಲ್ಲ. ಒಪ್ಪಂದ ಮುಗಿಯುತ್ತಿರುವ ಹಿರಿಯರನ್ನು ಸಮಯಕ್ಕೆ ಮಾರಬೇಕು, ಮೊದಲ ಸುತ್ತಿನ ಆಯ್ಕೆಯನ್ನು ಯಾರಿಗೂ ಕೊಡಬಾರದು, ಉಳಿದವರು ಪ್ರತಿ ರಾತ್ರಿ ಗೆಲ್ಲಲು ಆಡಬೇಕು. ಎಂಟನೆಯ ಸ್ಥಾನ ಸಿಕ್ಕರೆ ಹುಡುಗರು ಅದನ್ನು ಸಂಪಾದಿಸಿದ್ದಾರೆ, ಸಿಗದಿದ್ದರೆ ಸಾಲ ಉಳಿದಿರುವುದಿಲ್ಲ.

ಕ್ಯಾಲ್ಗರಿ ಫ್ಲೇಮ್ಸ್ ಈ ಎರಡೂ ದಾರಿಗಳನ್ನು ಮೂರೇ ವರ್ಷಗಳಲ್ಲಿ ತುಳಿಯಿತು. 2021–22ರಲ್ಲಿ 111 ಅಂಕ ಗಳಿಸಿದ್ದ ತಂಡದಿಂದ ಆ ಬೇಸಿಗೆಯಲ್ಲಿ ಗಾಡ್ರೊ ಹೊರಟರು, ಟಕಾಚಕ್ ಫ್ಲೋರಿಡಾಗೆ ಹೋದರು. ನಿಂತು ಯೋಚಿಸಬೇಕಾದ ಹೊತ್ತಿನಲ್ಲಿ ತಂಡ ಬೆನ್ನತ್ತಲು ಹೊರಟಿತು. ಟಕಾಚಕ್ ಬದಲಿಗೆ ಬಂದ ಹ್ಯೂಬರ್ಡೊಗೆ ಎಂಟು ವರ್ಷಕ್ಕೆ 8.4 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಹೊಸದಾಗಿ ಕರೆತಂದ ನಜೀಮ್ ಕಾದ್ರಿಗೆ ವೇತನ ಮಿತಿಯಲ್ಲಿ ಜಾಗ ಮಾಡಲು ಶಾನ್ ಮೊನಾಹನ್ ಅವರನ್ನು ಮಾಂಟ್ರಿಯಲ್‌ಗೆ ದಾಟಿಸಿತು. ಅವರ ವೇತನದ ಹೊರೆ ಹೊರುವುದಕ್ಕೆ ಪ್ರತಿಯಾಗಿ ಷರತ್ತುಬದ್ಧ ಮೊದಲ ಸುತ್ತಿನ ಆಯ್ಕೆಯೊಂದನ್ನೂ ಜೊತೆಗೆ ಕೊಟ್ಟಿತು. ಮುಂದಿನ ಎರಡೂ ವರ್ಷ ಪ್ಲೇಆಫ್ ಸಿಗಲಿಲ್ಲ. 2023–24ರಲ್ಲಿ ತಂಡ ಲಿಂಡ್‌ಹೋಮ್, ಟಾನೆವ್, ಹ್ಯಾನಿಫಿನ್ ಅವರನ್ನು, ಆಮೇಲೆ ಗೋಲ್‌ಕೀಪರ್ ಮಾರ್ಕ್‌ಸ್ಟ್ರಮ್ ಅವರನ್ನು ಮಾರಿತು. 2019ರಲ್ಲಿ 214ನೆಯ ಆಯ್ಕೆಯಾಗಿ ಬಂದಿದ್ದ ಡಸ್ಟಿನ್ ವುಲ್ಫ್ ಗೋಲಿನಲ್ಲಿ ನಿಂತರು. ಯಾರೂ ನಿರೀಕ್ಷಿಸದ ಆ ತಂಡ 2024–25ರಲ್ಲಿ 96 ಅಂಕ ಗಳಿಸಿ, ಸೇಂಟ್ ಲೂಯಿಸ್‌ಗೆ ಸಮನಾಗಿ ನಿಂತು, ಟೈಬ್ರೇಕ್‌ನಲ್ಲಿ ಹೊರಬಿತ್ತು. ಪೂರ್ವದಲ್ಲಿ ಅದೇ ವರ್ಷ ಮಾಂಟ್ರಿಯಲ್ 91 ಅಂಕಕ್ಕೇ ಒಳಬಂದಿತ್ತು.

ಜೂನ್‌ನ ಡ್ರಾಫ್ಟ್‌ನಲ್ಲಿ ಕ್ಯಾಲ್ಗರಿಯ ಸ್ವಂತ ಆಯ್ಕೆ 16ನೆಯದಾಗಿತ್ತು. ಅದು ಮೊನಾಹನ್ ವ್ಯವಹಾರದ ಬಾಕಿಯಾಗಿ ಮಾಂಟ್ರಿಯಲ್ ಕೈಸೇರಿತ್ತು. ಮಾಂಟ್ರಿಯಲ್ ಅದನ್ನು ಇತರ ಆಸ್ತಿಗಳೊಂದಿಗೆ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು ನೋವಾ ಡಾಬ್ಸನ್ ಎಂಬ ರಕ್ಷಣಾ ಆಟಗಾರನನ್ನು ಪಡೆಯಿತು. ಎರಡು ಸರದಿ ಕಾದು 18ನೆಯದರಲ್ಲಿ ಫ್ಲೇಮ್ಸ್ ಕೋಲ್ ರೆಶ್ನಿ ಎಂಬ ಸೆಂಟರ್ ಆಟಗಾರನನ್ನು ಆರಿಸಿತು. ಆ ಆಯ್ಕೆ ತಂಡಕ್ಕೆ ಬಂದದ್ದು ಮಾರ್ಕ್‌ಸ್ಟ್ರಮ್ ಅವರನ್ನು ನ್ಯೂಜೆರ್ಸಿಗೆ ಮಾರಿದಾಗ.