ಮೋರಿಯರ ಮನೆಯ ಬೀಗ

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ. ಗಮ್ ಟೇಪ್ ಮುಗಿದುಹೋಗಿತ್ತು. ಅಂಗಡಿ ಹುಡುಗ ರಟ್ಟಿನ ಡಬ್ಬಿಯ ನಾಲ್ಕು ರೆಕ್ಕೆಗಳನ್ನು ಒಂದರ ಮೇಲೊಂದು ಮಡಿಸುತ್ತ ಬಂದ. ಕೊನೆಯದನ್ನು ಮೊದಲನೆಯದರ ಅಡಿಗೆ ತೂರಿಸಿದ. ಮೇಲೆ ಒಂದು ಬೆಲ್ಲದ ಪೆಂಟೆ ಕುಕ್ಕಿದ. ಡಬ್ಬಿ ಬಾಯಿ ಬಿಡಲಿಲ್ಲ, ಇನ್ನಷ್ಟು ಬಿಗಿಯಾಯಿತು.

ನಾನು ಸಾಮಾನಿನ ಚೀಟಿ ಮರೆತು ಅದನ್ನೇ ನೋಡುತ್ತ ನಿಂತೆ. ಅದೇ ಜಾಣತನವನ್ನು ಕಲ್ಲಿನಲ್ಲಿ ನೋಡಿ ಬಂದು ಇನ್ನೂ ವಾರ ಆಗಿರಲಿಲ್ಲ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ.

ಬ್ರಹ್ಮಗಿರಿ ಎಂದರೆ ಎಲ್ಲರೂ ಅಶೋಕನ ಶಾಸನ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ, ಹೊಲಗಳ ಬದುವಿನಲ್ಲಿ, ಜಾಲಿ ಮುಳ್ಳಿನ ನಡುವೆ ನೂರಾರು ಕಲ್ಲಿನ ಕೋಣೆಗಳಿವೆ, ಅವನ್ನು ನೋಡಲು ಬರುವವರು ಕಡಿಮೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆ ಕಿಂಡಿ ಕೊರೆದು, ಸುತ್ತ ಗುಂಡುಕಲ್ಲಿನ ಬಳೆ ತೊಡಿಸಿದ್ದಾರೆ. ಕುರಿ ಮೇಯಿಸುತ್ತಿದ್ದ ಅಜ್ಜರೊಬ್ಬರು ನನಗೆ ಹೇಳಿದರು: "ಇವು ಮೋರಿಯರ ಮನೆ ಕಣಪ್ಪ. ಮೊಳದುದ್ದದ ಜನ ಅವ್ರು. ಬೆಂಕಿ ಮಳೆ ಬಂತಂತೆ, ಇದ್ರೊಳಗೆ ಸೇರ್ಕಂಡ್ರಂತೆ, ಅಲ್ಲೇ ಸುಟ್ಟೋದ್ರಂತೆ."

ಅಜ್ಜರ ಕಥೆಯ ಮೇಲೆ ನನಗೆ ಸಿಟ್ಟಿಲ್ಲ. ಕಿಂಡಿ ಸಣ್ಣದು, ಆದ್ದರಿಂದ ಜನ ಕುಳ್ಳರು. ಅದರಲ್ಲೂ ಒಂದು ತರ್ಕ ಇದೆ. ನನ್ನ ಸಿಟ್ಟು ಮೊಬೈಲಿನಲ್ಲಿ ಬರುವ ಓದಿದವರ ಕಥೆಯ ಮೇಲೆ. ಈ ಕೋಣೆಯನ್ನು ಮೇಲಿನಿಂದ ನೋಡಿದರೆ ನಾಲ್ಕು ಚಪ್ಪಡಿಗಳ ತುದಿಗಳು ಚಾಚಿಕೊಂಡು ಸ್ವಸ್ತಿಕದಂತೆ ಕಾಣುತ್ತವೆ. ಅಷ್ಟು ಸಾಕು! ಗುಪ್ತಶಕ್ತಿ, ಯಂತ್ರಸ್ಥಾಪನೆ, ಅಡಿಯಲ್ಲಿ ನಿಧಿ. ನಿಧಿಯ ಆಸೆಗೆ ರಾತ್ರಿ ಹಾರೆ ಹಿಡಿದು ಬಂದವರು ಕಿತ್ತು ಕೆಡವಿದ ಚಪ್ಪಡಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇವು ಸಮಾಧಿಗಳು. ಒಳಗೆ ಸಾಮಾನ್ಯವಾಗಿ ಸಿಗುವುದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ, ಒಂದಷ್ಟು ಮಣಿ. ಸತ್ತವರ ದೇಹವನ್ನು ಮೊದಲು ಬೇರೆಡೆ ಇಟ್ಟು, ಆಮೇಲೆ ಮೂಳೆ ಆಯ್ದು ತಂದು ಇಡುತ್ತಿದ್ದರು. ಅದಕ್ಕೆ ಆಳೆತ್ತರದ ಬಾಗಿಲು ಯಾಕೆ ಬೇಕು?

ಇನ್ನು ಸ್ವಸ್ತಿಕದ ವಿಷಯ. ಅದನ್ನು ಮಂತ್ರದಿಂದ ಬಿಡಿಸಿ ಗಾರೆ ಕೆಲಸದವನ ಕಣ್ಣಿನಿಂದ ನೋಡಿ.

ಗುಂಡಿಯಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಹೊರಗಿನಿಂದ ಮಣ್ಣು, ಜಲ್ಲಿ ತುಂಬಿದರೆ ಮಣ್ಣು ಸುಮ್ಮನೆ ಕೂರುವುದಿಲ್ಲ, ಒಳಕ್ಕೆ ನೂಕುತ್ತದೆ. ಆಳ ಎರಡರಷ್ಟಾದರೆ ಬುಡದ ಒತ್ತಡವೂ ಎರಡರಷ್ಟು, ಇಡೀ ಗೋಡೆಯ ಮೇಲಿನ ಒಟ್ಟು ನೂಕು ನಾಲ್ಕರಷ್ಟು. ಮಳೆಗಾಲದಲ್ಲಿ ಅದರದ್ದು ಇನ್ನೂ ಗರ್ವ. ಈಗ ನಾವು ಸಾಮಾನ್ಯವಾಗಿ ಪೆಟ್ಟಿಗೆ ಮಾಡುವ ಹಾಗೆ, ಎರಡು ಉದ್ದ ಚಪ್ಪಡಿಗಳ ನಡುವೆ ಎರಡು ಗಿಡ್ಡ ಚಪ್ಪಡಿ ಸೇರಿಸಿ. ಉದ್ದದವಕ್ಕೆ ಚಿಂತೆಯಿಲ್ಲ, ಎರಡೂ ತುದಿಗೆ ಗಿಡ್ಡದವು ಊರುಗೋಲು. ಆದರೆ ಗಿಡ್ಡದವನ್ನು ಹಿಡಿಯುವವರು ಯಾರು? ಹೊರಗಿನ ಮಣ್ಣು ನೂಕಿದರೆ ಅವು ಡ್ರಾಯರಿನ ಹಾಗೆ ನೇರ ಒಳಕ್ಕೆ ಜಾರುತ್ತವೆ.

ಬ್ರಹ್ಮಗಿರಿಯವರು ಪ್ರತಿ ಚಪ್ಪಡಿಯ ಒಂದು ತುದಿಯನ್ನು ಪಕ್ಕದ ಚಪ್ಪಡಿಯಿಂದಾಚೆ ಚಾಚಿ ಬಿಟ್ಟರು, ಇನ್ನೊಂದು ತುದಿಯನ್ನು ಹಿಂದಿನ ಚಪ್ಪಡಿಯ ಒಳಮೈಗೆ ತಾಗಿಸಿದರು. ಹೀಗಾದಾಗ ಪ್ರತಿಯೊಂದೂ ಒಬ್ಬರಿಗೆ ಒರಗಿ ಇನ್ನೊಬ್ಬರಿಗೆ ಒರಗು ಕೊಡುತ್ತದೆ. ನಾಲ್ವರಲ್ಲಿ ಒಬ್ಬರೂ ಅನಾಥರಲ್ಲ. ಮಣ್ಣು ಹೆಚ್ಚು ನೂಕಿದಷ್ಟೂ ಸಂದುಗಳು ಹೆಚ್ಚು ಬಿಗಿಯುತ್ತವೆ, ಬಿಗಿದಷ್ಟೂ ಜಾರುವುದು ಕಷ್ಟ. ಬಾವಿಕಟ್ಟೆಯ ಹಗ್ಗದ ಕುಣಿಕೆ ಕೊಡ ತುಂಬಿದಷ್ಟೂ ಬಿಗಿಯಾಗುವುದಿಲ್ಲವೆ, ಹಾಗೆ. ಇಬ್ಬರು ಹುಡುಗರು ತಮ್ಮ ಮಣಿಕಟ್ಟು ತಾವು ಹಿಡಿದು, ಉಳಿದ ಕೈಯಲ್ಲಿ ಎದುರಿನವನ ಮಣಿಕಟ್ಟು ಹಿಡಿದು ಮೂರನೆಯವನನ್ನು ಕೂರಿಸಿಕೊಂಡು ಓಡುವ ಪಲ್ಲಕ್ಕಿ ಆಟ ನೆನಪಿದೆಯೆ? ನಾಲ್ಕು ಕೈ, ಒಂದು ಚೌಕ. ಕೂತವನ ತೂಕವೇ ಹಿಡಿತವನ್ನು ಗಟ್ಟಿ ಮಾಡುತ್ತದೆ. ಕಿರಾಣಿ ಅಂಗಡಿಯ ಡಬ್ಬಿ ಅಡ್ಡಡ್ಡ ಮಲಗಿಸಿದ ಸಮಾಧಿ. ಹೋಲಿಕೆ ಸಾಕು ಅಂತೀರಾ? ಇನ್ನೊಂದು ಮಾತು ಹೇಳದೆ ಬಿಡಲಾರೆ: ಗಾರೆಯಿಲ್ಲದ ಸಂದಿನಿಂದ ಮಳೆನೀರು ಸೋರಿ ಹೋಗುತ್ತದೆ. ಹಾಗಾಗಿ ಗೋಡೆಯ ಹಿಂದೆ ನೀರಿನ ಒತ್ತಡ ಕಟ್ಟಿಕೊಳ್ಳುವುದೂ ಇಲ್ಲ.

ನನಗೆ ಇದಕ್ಕಿಂತ ಖುಷಿ ಕೊಟ್ಟದ್ದು ಇದರೊಳಗಿನ ಸೋಮಾರಿತನ. ಪೆಟ್ಟಿಗೆ ಕೂಡಿಸಲು ನಾಲ್ಕು ಕಲ್ಲೂ ಅಳತೆಗೆ ಸರಿಯಾಗಿ ಇರಬೇಕು. ಇಲ್ಲಿ ಉದ್ದ ಹೆಚ್ಚಾದರೆ ಆಚೆ ಚಾಚಿಕೊಳ್ಳಲಿ ಬಿಡಿ! ಗ್ರಾನೈಟಿನ ಅಂಚು ಕಡಿಯುವುದು ಎಷ್ಟು ಹೆಣಗಾಟ ಎಂದು ಯಾವ ಕಲ್ಲುಕುಟಿಗನನ್ನಾದರೂ ಕೇಳಿ ನೋಡಿ. ಅವರು ಸ್ವಸ್ತಿಕ ಬರೆಯಲು ಕೂತಿರಲಿಲ್ಲ, ಕೆಲಸ ಉಳಿಸಲು ಹೊರಟಿದ್ದರು ಎಂದೇ ನನ್ನ ಲೆಕ್ಕ.

ಚಪ್ಪಡಿ ಸಿಕ್ಕಿದ್ದು ಹೇಗೆ ಎಂಬುದಕ್ಕೂ ರಾಕ್ಷಸರು ಬೇಕಿಲ್ಲ. ಈ ಸೀಮೆಯ ಗ್ರಾನೈಟು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ್ದು. ಮೇಲಿನ ಭಾರ ಸವೆದು ಹೋದಂತೆ ಬಂಡೆ ಮೈ ಸಡಿಲಿಸಿ ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತದೆ. ಅದರ ಮೇಲೆ ಸೌದೆ ಹರಡಿ ಹದವಾಗಿ ಉರಿಸಿದರೆ ಮೇಲ್ಪದರ ಹಿಗ್ಗಿ ಏಳುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಚಪ್ಪಡಿ ಎದ್ದಿತು ಎಂದರ್ಥ. ಬೆಂಗಳೂರಿನ ಕಡೆ ಬೆಂಕಿಯಿಂದ ಹೀಗೆ ಕಲ್ಲು ಎಬ್ಬಿಸುವುದರ ವರ್ಣನೆ 1895ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಗಿದೆ.

ವ್ಯಾಪಾರದ ದಾರಿ ಬಂದ ಮೇಲೆಯೇ ಇಂಥ ಊರುಗಳು ಬೆಳೆದವು ಎಂಬ ಮಾತಿದೆ. ಈ ಸಮಾಧಿಗಳಿಗೂ ಆ ದಾರಿಗೂ ಏನು ಸಂಬಂಧ? ಸಂಬಂಧ ಇದೆ, ಆದರೆ ನಾವು ಶಾಲೆಯಲ್ಲಿ ಕಲಿತ ದಿಕ್ಕಿನಲ್ಲಿ ಅಲ್ಲ.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿನ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಅದರಲ್ಲಿ ಸುವರ್ಣಗಿರಿ ಎಂಬ ಪಟ್ಟಣದ ಅಧಿಕಾರಿಗಳು ಇಸಿಲ ಎಂಬ ಇಲ್ಲಿನ ಊರಿನ ಮಹಾಮಾತ್ರರ, ಅಂದರೆ ಹಿರಿಯ ಅಧಿಕಾರಿಗಳ, ಆರೋಗ್ಯ ವಿಚಾರಿಸಿ ರಾಜಾಜ್ಞೆ ತಿಳಿಸುತ್ತಾರೆ. ಕೊನೆಯಲ್ಲಿ ಬರೆದವನ ಸಹಿ ಇದೆ, ಚಪಡ. ಬರಹವೆಲ್ಲ ಬ್ರಾಹ್ಮಿಯಲ್ಲಿ, 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ, ಅಂದರೆ ಈಗಿನ ಪೇಶಾವರದ ಸುತ್ತಿನ ಲಿಪಿ. ಕೆಲಸಕ್ಕೆಂದು ದೂರದೂರಿಗೆ ಬಂದವನು ತನ್ನೂರಿನ ಅಕ್ಷರದಲ್ಲಿ ಒಂದು ಗೀಟು ಗೀಚಿ ಹೋದಂತಿದೆ. ಆ ದಾರಿಯ ಉದ್ದ ಅಳೆಯಲು ನನಗೆ ಬೇರೆ ನಕ್ಷೆ ಬೇಡ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದರು. ಅವರಿಗೆ ಬೇಕಿದ್ದದ್ದು ಮಣ್ಣಿನ ಪದರಗಳ ಕಾಲ ಹೇಳುವ ಗಡಿಯಾರ. ಅದು ಒಂದು ತಟ್ಟೆಯ ರೂಪದಲ್ಲಿ ಸಿಕ್ಕಿತು. ಒಳಮೈಯಲ್ಲಿ ಚುಕ್ಕಿಗಳ ಸುತ್ತು ಇರುವ 'ರೂಲೆಟೆಡ್' ತಟ್ಟೆ ಅದು. ಅದೇ ಬಗೆಯದು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಪಾತ್ರೆಗಳ ಜೊತೆಗೆ ಸಿಕ್ಕಿತ್ತು, ಇಟಲಿಯ ಪಾತ್ರೆಗಳ ಕಾಲ ಗೊತ್ತಿತ್ತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಂತೂ ರೋಮಿನ ಬೆಳ್ಳಿ ನಾಣ್ಯವೇ ಸಿಕ್ಕಿದೆ. ಹೀಗೆ ಮೇಲಿನ ಪದರಕ್ಕೆ ಕ್ರಿ.ಶ. ಒಂದನೆಯ ಶತಮಾನದ ಮೊಳೆ ಹೊಡೆದು ವೀಲರ್ ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತ ಹೋದರು. ಕಲ್ಲಿನ ಸಮಾಧಿಗಳ ಆರಂಭ ಕ್ರಿ.ಪೂ. 200ರ ಆಸುಪಾಸು ಎಂದು ತೀರ್ಮಾನಿಸಿದರು. ಅಂದರೆ ಅಶೋಕನ ನಂತರ.

ಆದರೆ ಕೆಳಗಿನ ಲೆಕ್ಕ ತಪ್ಪಿತು. ಹಳ್ಳೂರು ದೂರದ ಊರಲ್ಲ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿನ ಇದ್ದಿಲಿನ ರೇಡಿಯೋಕಾರ್ಬನ್ ಕಾಲಗಣನೆ ಕಬ್ಬಿಣವನ್ನು ಕ್ರಿ.ಪೂ. 1000ದ ಸುತ್ತಮುತ್ತ ಒಯ್ದಿತು. ಸಮಾಧಿ ಕಟ್ಟುವ ಪದ್ಧತಿಯೂ ಅದರ ಜೊತೆಗೇ ಹಿಂದಕ್ಕೆ ಸರಿಯಿತು. ಚಪಡ ಬಂದಾಗ ಇಲ್ಲಿ ಕಬ್ಬಿಣ ಕಾಯಿಸುವವರು, ಬಂಡೆ ಎಬ್ಬಿಸುವವರು ಹಲವು ನೂರು ವರ್ಷದಿಂದ ಇದ್ದರು. ಹೆದ್ದಾರಿ ಬಂದ ಮೇಲೆ ಊರು ಕಣ್ಣು ಬಿಟ್ಟಿತು ಎಂಬುದು ಹೆದ್ದಾರಿಯ ಮೇಲೆ ಹೋಗುವವರ ಭ್ರಮೆ. ದಾರಿಯೇ ಇವರನ್ನು ಹುಡುಕಿಕೊಂಡು ಬಂದಿತ್ತು.

ಮನೆಗೆ ಬಂದು ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದರೆ ನಂಬಲಿಲ್ಲ. ಎದುರು ಮನೆ ಕಟ್ಟಡಕ್ಕೆ ತಂದ ಮರಳಿನ ಗುಡ್ಡೆ ಇತ್ತು, ಕಡಪ ಕಲ್ಲಿನ ಚೂರುಗಳಿದ್ದವು. ಮೊದಲು ಪೆಟ್ಟಿಗೆ ಕೂಡಿಸಿ ಮರಳು ತುಂಬಿದೆವು. ಒಂದು ಗಿಡ್ಡ ಚೂರು ಡ್ರಾಯರಿನಂತೆ ಒಳಗೆ ಬಂತು. ಆಮೇಲೆ ಚಾಚು ತುದಿಯ ಕೂಡಿಕೆ. ಮೇಲ್ಭಾಗ ಅಲ್ಲಾಡಲಿಲ್ಲ, ಬುಡ ಮಾತ್ರ ಜಾರಿತು. ನನ್ನ ಮುಖ ಪೆಚ್ಚಾಯಿತು. ಆಗ ಹೊಳೆಯಿತು, ನೆಲಕ್ಕೆ ಹಾಸುವ ಚಪ್ಪಡಿ ಮರೆತಿದ್ದೆ. ಬ್ರಹ್ಮಗಿರಿಯವರು ಅದನ್ನೂ ಹಾಕಿದ್ದರು. ಒತ್ತಡ ಅತಿ ಹೆಚ್ಚಿರುವ ಬುಡದಲ್ಲಿ ನಾಲ್ಕೂ ಕಾಲುಗಳನ್ನು ಒಳಗಿನಿಂದ ತಡೆಯುವುದು ಅದೇ. ಒಂದು ಟೈಲ್ಸ್ ತುಂಡು ಇಟ್ಟು ಮತ್ತೆ ಮರಳು ತುಂಬಿದೆವು. ನಿಂತಿತು. ಮೇಲೊಂದು ಇಟ್ಟಿಗೆ ಹೇರಿದೆವು, ಆಗಲೂ ನಿಂತಿತು.

"ಕಿಂಡಿ ಎಲ್ಲಿ ಮಾಮ?" ಎಂದ.

ಕಡಪ ಕಲ್ಲಿನಲ್ಲಿ, ಡ್ರಿಲ್ ಇಲ್ಲದೆ. ನಿನ್ನೆ ಸಂಜೆಯಿಂದ ಒಂದು ಉಳಿ, ಒಂದು ಹಿಡಿ ಮರಳು, ಒಂದು ಲೋಟ ನೀರು ಇಟ್ಟುಕೊಂಡು ಕೂತಿದ್ದಾನೆ. ಈವರೆಗೆ ಎರಡು ಚೂರು ಒಡೆದಿವೆ.