ತಂತಿ ಕಾಯ್ದೆಗೆ ಸಿಕ್ಕಿದ ಬಾನುಲಿ

ರೇಡಿಯೊಗಿಂತ ಮೊದಲೇ ಅದನ್ನು ಆಳುವ ಕಾನೂನು ಹುಟ್ಟಿತ್ತು. 1885ರ ಭಾರತೀಯ ತಂತಿ ಕಾಯ್ದೆ ಬಂದಾಗ ಸರ್ಕಾರದ ಕಣ್ಣಿದ್ದದ್ದು ತಂತಿಕಂಬಗಳ ಮೇಲೆ. ತಂತಿ ಸಂಪರ್ಕ ಸರ್ಕಾರದ ಸ್ವತ್ತು, ಮಿಕ್ಕವರು ಲೈಸೆನ್ಸ್ ಪಡೆಯಬೇಕು. ತಂತಿಯಿಲ್ಲದೆ ಸಂದೇಶ ಕಳಿಸುವ ನಿಸ್ತಂತು ಬಂದಾಗ ಅದೂ ಇದೇ ಕಾಯ್ದೆಯೊಳಗೆ ಸೇರಿಹೋಯಿತು. 1933ರ ನಿಸ್ತಂತು ಕಾಯ್ದೆಯಂತೂ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕೆಂದಿತು. ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಲೈಸೆನ್ಸ್ ನವೀಕರಿಸಿಕೊಂಡು ಬರುತ್ತಿದ್ದ ಹಿರಿಯರು ಈಗಲೂ ಇದ್ದಾರೆ. ಆ ಶುಲ್ಕ ತೊಲಗಿದ್ದು 1980ರ ದಶಕದಲ್ಲಿ.

ಅಂಥ ಕಾಲದಲ್ಲೂ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಅದು ಮುಂದೆ ಸಂಸ್ಥಾನದ ಕೈಗೆ, ಆಮೇಲೆ ಕೇಂದ್ರದ ಕೈಗೆ ಹೋಯಿತು. ಸ್ವಾತಂತ್ರ್ಯ ಬಂದ ಮೇಲೂ ಖಾಸಗಿಯವರಿಗೆ ಬಾನುಲಿಯ ಬಾಗಿಲು ತೆರೆಯಲಿಲ್ಲ.

ಕದ ಅಲ್ಲಾಡಿಸಿದ್ದು ಕ್ರಿಕೆಟ್. ಟೂರ್ನಿಯೊಂದರ ಟಿವಿ ಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರದ ನಡುವೆ ಎದ್ದ ಜಗಳದಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಅವುಗಳ ಬಳಕೆಯನ್ನು ಸಾರ್ವಜನಿಕ ಪ್ರಾಧಿಕಾರವೊಂದು ನಿಯಂತ್ರಿಸಬೇಕು ಎಂದೂ ಹೇಳಿತು. ಸರ್ಕಾರ ಹಿಡಿದ ದಾರಿ ಮಾತ್ರ ಹರಾಜಿನದು.

ಮೊದಲ ಹಂತದಲ್ಲಿ 40 ನಗರಗಳ 108 ಎಫ್‌ಎಂ ಚಾನೆಲ್‌ಗಳನ್ನು ಹರಾಜಿಗಿಟ್ಟರು. ಆಸೆಗೆ ಬಿದ್ದು ಕೂಗಿದವರಿಗೆ ಶುಲ್ಕ ಪ್ರತಿ ವರ್ಷ ಶೇ 15ರಷ್ಟು ಏರುತ್ತದೆ ಎಂಬ ಷರತ್ತು ಉರುಳಾಯಿತು. ಜಾಹೀರಾತು ಬರಲಿ ಬಿಡಲಿ, ಬಾಕಿ ಬೆಳೆಯುತ್ತಲೇ ಇತ್ತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಗಿ ದೇಶದ ಮೊದಲ ಖಾಸಗಿ ಎಫ್‌ಎಂ ಎನಿಸಿತಾದರೂ, ಒಟ್ಟು ಚಾನೆಲ್‌ಗಳಲ್ಲಿ ಕಾಲು ಭಾಗವೂ ಪ್ರಸಾರ ಆರಂಭಿಸಲಿಲ್ಲ. ಎಫ್‌ಎಂ ನೀತಿಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಅಮಿತ್ ಮಿತ್ರ ಸಮಿತಿಯ ಸಲಹೆಯ ನಂತರ, 2005ರ ಎರಡನೇ ಹಂತದಲ್ಲಿ ಒಂದು ಸಲದ ಪ್ರವೇಶ ಶುಲ್ಕ, ವರಮಾನದಲ್ಲಿ ಶೇ 4ರಷ್ಟು ಪಾಲು ಎಂಬ ಲೆಕ್ಕ ಬಂತು. ಉದ್ಯಮ ಚೇತರಿಸಿಕೊಂಡಿತು.

ದುಡ್ಡಿಲ್ಲದವರ ಕಥೆ ಬೇರೆ. ಊರಿನವರೇ ತಮಗಾಗಿ ನಡೆಸಿಕೊಳ್ಳುವ ಸಮುದಾಯ ಬಾನುಲಿಗೆ ಅವಕಾಶ ಕೇಳಿ 1996ರಲ್ಲೇ ಬೆಂಗಳೂರು ಘೋಷಣೆ ಹೊರಬಿದ್ದಿತ್ತು. 2002ರಲ್ಲಿ ಅನುಮತಿ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗಷ್ಟೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯವರು ಕಾಯುತ್ತಾ ಕೂರಲಿಲ್ಲ. ಗಾಳಿಯಲ್ಲಿ ಬಿಟ್ಟರೆ ತಾನೇ ಲೈಸೆನ್ಸ್ ಬೇಕು? ಊರಿನ ಟಿವಿ ಕೇಬಲ್‌ನಲ್ಲೇ ಕಾರ್ಯಕ್ರಮಗಳನ್ನು ಮನೆಮನೆಗೆ ಹರಿಸಿದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉತ್ತರ ಇನ್ನೊಂದಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿದ್ದು 2006ರ ನವೆಂಬರ್‌ನಲ್ಲಿ. ಅದಕ್ಕೂ ಮಿತಿ: ಸಾಮಾನ್ಯವಾಗಿ 100 ವ್ಯಾಟ್ ಪ್ರಸರಣ ಶಕ್ತಿ, 30 ಮೀಟರ್ ಎತ್ತರದ ಆಂಟೆನಾ.

1885ರ ಕಾಯ್ದೆಯ ಜಾಗ ತುಂಬಲು 2023ರ ದೂರಸಂಪರ್ಕ ಕಾಯ್ದೆ ಬಂದಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಪಟ್ಟಣಗಳ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆದರೆ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಈಗಲೂ ನಿಷಿದ್ಧ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. 2011ರ ನೀತಿಯ ಪ್ರಕಾರ ಸಂಚಾರ, ಹವಾಮಾನ, ಪರೀಕ್ಷಾ ಫಲಿತಾಂಶ, ನೀರು, ಕರೆಂಟಿನ ಪ್ರಕಟಣೆಗಳು ಸುದ್ದಿಯಲ್ಲ. ಹಾಗಾಗಿ ನಾಳೆ ಜಯನಗರಕ್ಕೆ ನೀರು ಬರುವುದಿಲ್ಲ ಎಂದು ಆರ್‌ಜೆ ಹೇಳಬಹುದು. ಯಾರ ತಪ್ಪಿನಿಂದ ಬರುವುದಿಲ್ಲ ಎಂದು ಕೆದಕಲು ಹೋದರೆ ಅದು ಸುದ್ದಿಯಾಗಿಬಿಡುತ್ತದೆ.