30×40 ಸೈಟಿನ ಸೀಬೆ: ಗಿಡಕ್ಕಿಂತ ಕತ್ತರಿ ಮುಖ್ಯ

ಮನೆಯ ಪಕ್ಕ ಉಳಿದ ಐದಾರು ಅಡಿ ಜಾಗಕ್ಕೆ ಮಾವಿನ ಗಿಡ ತರುವವರೇ ಹೆಚ್ಚು. ನಾಲ್ಕೈದು ವರ್ಷಕ್ಕೆ ಅದು ಪಕ್ಕದ ಮನೆಯ ಸಜ್ಜಾ ಮುಟ್ಟುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕಡಿದರೆ ಆ ವರ್ಷ ಹೂವಿಲ್ಲ, ಏಕೆಂದರೆ ಮಾವು ಹೂಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಸೀಬೆ ಹಾಗಲ್ಲ. ಹೊಸ ಚಿಗುರು ಬಂದಂತೆ ಅದರ ಎಲೆಕಂಕುಳಲ್ಲೇ, ಅಂದರೆ ಎಲೆ ರೆಂಬೆಗೆ ಸೇರುವ ಸಂದಿನಲ್ಲೇ, ಮೊಗ್ಗು ಮೂಡುತ್ತದೆ. ಸವರಿದರೆ ಚಿಗುರು, ಚಿಗುರಿದರೆ ಹೂವು. ಇದೇ ಗುಣವನ್ನು ನಂಬಿ ಲಖನೌನ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆಯವರು 2×1 ಮೀಟರ್ ಅಂತರದಲ್ಲಿ, ಹೆಕ್ಟೇರಿಗೆ 5000 ಸೀಬೆ ಗಿಡ ಬೆಳೆಸುವ ಪದ್ಧತಿ ರೂಪಿಸಿದರು. ಅಂಗಳದಲ್ಲಿ ಒಂದು ಗಿಡಕ್ಕೆ ಜಾಗವಿಲ್ಲವೆಂದು ಕೊರಗಬೇಕಿಲ್ಲ. ಆರು ಗಂಟೆ ನೇರ ಬಿಸಿಲು ಮಾತ್ರ ಬೇಕೇ ಬೇಕು.

ಬೀಜದ ಸಸಿ ಬೇಡ. ಫಲಕ್ಕೆ ತಡ, ಹಣ್ಣಿನ ಗುಣಕ್ಕೂ ಖಾತ್ರಿಯಿಲ್ಲ. ಕಸಿ ಗಿಡ ಅಥವಾ ಗೂಟಿ ಗಿಡ (ತಾಯಿಗಿಡದ ರೆಂಬೆಯಲ್ಲೇ ಬೇರು ಬರಿಸಿ ಬೇರ್ಪಡಿಸಿದ್ದು) ತನ್ನಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಬಿಳಿ ತಿರುಳಿನ, ಮೆತ್ತನೆ ಬೀಜದ ಅರ್ಕಾ ಮೃದುಲಾ, ಕೆಂಪು ತಿರುಳಿನ ಅರ್ಕಾ ಕಿರಣ್ ಎರಡೂ ಮನೆಗೆ ಒಪ್ಪುತ್ತವೆ.

ಊರಿನ ಸೈಟುಗಳಲ್ಲಿ ನಿಜವಾದ ತೊಡಕು ಮಣ್ಣು. ಮನೆ ಕಟ್ಟಿದವರು ಸಿಮೆಂಟು, ಇಟ್ಟಿಗೆ ಚೂರನ್ನೆಲ್ಲ ಗೋಡೆಯ ಬದಿಗೇ ತುಂಬಿರುತ್ತಾರೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರೀಯ ಮಾಡುತ್ತದೆ, ಕಬ್ಬಿಣ, ಸತು ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಇದನ್ನೇ ಅನುಮಾನಿಸಿ. ಆಗ ಎಷ್ಟು ಗೊಬ್ಬರ ಸುರಿದರೂ ದಂಡ. ಗೋಡೆಯಿಂದ 4 ಅಡಿ ಬಿಟ್ಟು 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಚೂರೆಲ್ಲ ಆಚೆ ಹಾಕಿ, ಕೆಂಪು ಮಣ್ಣಿನ ಜೊತೆ 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಕಸಿಗಂಟು, ಅಂದರೆ ಎರಡು ಗಿಡ ಬೆಸೆದ ಜಾಗ, ನೆಲದಿಂದ ಮೂರು ಬೆರಳಾದರೂ ಮೇಲಿರಲಿ. ಗಂಟಿನ ಕೆಳಗೆ ಬರುವ ಚಿಗುರು ಬೇರುಸಸಿಯದು (ಕಸಿಗೆ ಬೇರು ಕೊಟ್ಟ ಕೆಳಗಿನ ಗಿಡದ್ದು), ಕಂಡಕೂಡಲೇ ಕಿತ್ತುಹಾಕಿ. ಗೂಟಿ ಗಿಡಕ್ಕೆ ತಾಯಿಬೇರಿಲ್ಲ, ಗಾಳಿಗೆ ವಾಲದಂತೆ ಊರುಗೋಲು ಕೊಡಬೇಕು.

ಈಗ ಕತ್ತರಿ. ಗಿಡ ಎರಡೂವರೆ ಅಡಿ ದಾಟಿದಾಗ ಸುಳಿಯನ್ನು 60–70 ಸೆಂಟಿಮೀಟರಿಗೆ ಕತ್ತರಿಸಿ. ಹೊಮ್ಮುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ ಮೂರ್ನಾಲ್ಕು ಉಳಿಸಿ. ಅವು ಒಂದೂವರೆ ಅಡಿಯಾದಾಗ ಅರ್ಧಕ್ಕೆ ಮೊಟಕುಗೊಳಿಸಿ. ಮನಸ್ಸು ಒಪ್ಪದಿದ್ದರೂ ಮೊದಲ ವರ್ಷದ ಹೂ ಚಿವುಟಲೇಬೇಕು. ಎಳೆ ರೆಂಬೆ ಕಾಯಿಭಾರಕ್ಕೆ ಸೀಳುತ್ತದೆ.

ಆಮೇಲೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹಿಂದಿನ ಚಿಗುರುಗಳನ್ನು ಅರ್ಧಕ್ಕೆ ಸವರಿ. ಮೇ ತಿಂಗಳೇ ಏಕೆ? ಬೇಸಿಗೆ ಆರಂಭದ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತದೆ: ಸಪ್ಪೆ, ನೀರು ನೀರು, ಹುಳದ ಗೂಡು. ಮೇ ಸವರುವಿಕೆ ಆ ಫಸಲನ್ನು ಬಲಿಕೊಟ್ಟು, ಜುಲೈ ಹೊತ್ತಿಗೆ ಹೊಸ ಹೂವು ತರುತ್ತದೆ. ಹೂವಿನಿಂದ ಹಣ್ಣಿಗೆ ನಾಲ್ಕೈದು ತಿಂಗಳು, ಅಂದರೆ ಚಳಿಗಾಲ. ಆಗಿನ ಸಿಹಿಯೇ ಬೇರೆ.

ಹುಳಕ್ಕೆ ಕಾರಣ ಹಣ್ಣುನೊಣ. ಬಲಿಯುತ್ತಿರುವ ಕಾಯಿಯ ಸಿಪ್ಪೆಗೆ ಹೆಣ್ಣುನೊಣ ಸೂಜಿಮೊನೆಯಷ್ಟು ತೂತು ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳು ತಿಂದು, ಉದುರಿದ ಹಣ್ಣಿನಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಗಂಡುನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ಬಲೆ ತೂಗುಹಾಕಿದರೆ ಬೀಳುವುದು ಗಂಡುನೊಣ ಮಾತ್ರ. ಪಕ್ಕದ ಬೀದಿಯಲ್ಲಿ ಗಂಡಿನೊಡನೆ ಕೂಡಿ ಬಂದ ಹೆಣ್ಣುನೊಣಕ್ಕೆ ಅದರ ಹಂಗಿಲ್ಲ. ಒಂದೇ ಗಿಡವಿದ್ದಲ್ಲಿ ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ ಕಾಗದದ ಇಲ್ಲವೇ ತೆಳುಬಟ್ಟೆಯ ಚೀಲ ಕಟ್ಟುವುದೇ ವಾಸಿ. ಉದುರಿದ ಹಣ್ಣನ್ನು ಗೊಬ್ಬರಗುಂಡಿಗೆ ಎಸೆದರೆ ಹುಳ ಸಾಕಿದಂತೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಿಗಿಡಿ.

ಚಿಗುರಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಕಾಂಡದ ಮೇಲೆ ಇರುವೆ ಸಾಲು ಹುಡುಕಿ. ತಿಗಣೆ ಸುರಿಸುವ ಸಿಹಿಯಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಗೋಡೆಗೆ ತಾಗಿದ ರೆಂಬೆ ಸವರಿ, ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ ಇರುವೆ ತಡೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.